ಅಲೆ ಓಡುತ್ತದೆ, ನೀರು ಓಡುವುದಿಲ್ಲ!

ಗೆಳೆಯರೇ, ಬೋರ್ಡಿನ ಮೇಲೆ ಕನ್ನಡ ಬಂದರೆ ಸಾಕೇ? ವಿಜ್ಞಾನಕ್ಕೆ ಇಂಗ್ಲಿಷೇ ಬೇಕೆಂದು ಹೆತ್ತವರು ನಂಬಿರುವಾಗ ಕನ್ನಡ ಶಾಲೆ ಉಳಿದೀತೇ?

ಆಳಂದ, ಅಫಜಲಪುರ, ಜೇವರ್ಗಿಯ ಮಕ್ಕಳಿಗೆ ಕಡಲು ದೂರ. ಭೀಮೆ, ಅಮರ್ಜೆಯ ಹರಿವು ಕಂಡ ಅವರಿಗೆ ಅಲೆಯೊಡನೆ ನೀರೂ ಓಡುತ್ತದೆಂದೇ ತೋರುತ್ತದೆ. ಉದ್ದ ಹಗ್ಗದ ಒಂದು ತುದಿ ಕಿಟಕಿಗೆ ಕಟ್ಟಿ, ನಡುವೆ ಕೆಂಪು ಬಟ್ಟೆಚೂರು ಬಿಗಿದು, ಇನ್ನೊಂದು ತುದಿ ಮಗುವಿನ ಕೈಗೆ ಕೊಡಿ. ಒಮ್ಮೆ ಜಾಡಿಸಿದರೆ ಅಲೆ ಕಿಟಕಿ ಮುಟ್ಟುತ್ತದೆ. ಬಟ್ಟೆ ಇದ್ದಲ್ಲೇ ಏರಿಳಿಯುತ್ತದೆ. ನಡುಗಡಲಲ್ಲೂ ನೀರು ಇದ್ದಲ್ಲೇ ಸುತ್ತು ಹಾಕುತ್ತದೆ, ಮುಂದೆ ಸಾಗುವುದು ಶಕ್ತಿ. ಗಾಳಿಗೆ ತೂಗುವ ಜೋಳದ ಹೊಲ ಕಂಡ ಮಗುವಿಗೆ ಇದನ್ನು ಕನ್ನಡದಲ್ಲಿ ಹೇಳಿದರೆ ತಟ್ಟನೆ ಹೊಳೆಯುತ್ತದೆ.

ಗಡಿಗೆ ಜಾಥಾ ಹೋದಾಗ ಒಂದು ಶಾಲೆಗೂ ಹೋಗಿ. ಬಾವುಟ ಹಿಡಿದ ಕೈ ಹಗ್ಗವನ್ನೂ ಹಿಡಿಯಲಿ!