ಹೇಳೋರು ಕೇಳೋರು

ಅಮಾವಾಸ್ಯೆಯ ದಿನ ಚುಂಚನಗಿರಿಯ ಬುಡದಲ್ಲಿ ಒಂದು ಗಂಟೆ ನಿಂತು ನೋಡಿ. ಬೆಳ್ಳೂರು ಕ್ರಾಸಿನ ಕಡೆಯಿಂದ ಬೆಂಗಳೂರಿನ ಕಾರುಗಳು ಸಾಲುಗಟ್ಟಿ ಬರುತ್ತವೆ. ಇಳಿದವರ ಮಾತು ಕೇಳಿದರೆ ಸಾಕು, ಊರು ಯಾವ ಕಡೆಯದೆಂದು ಗೊತ್ತಾಗುತ್ತದೆ. ನಾಗಮಂಗಲ, ಕೆ.ಆರ್.ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ರೈತರ ಮಕ್ಕಳು; ಈಗ ಎಂಜಿನಿಯರು, ಡಾಕ್ಟರು, ಕಂಟ್ರಾಕ್ಟರು. ಕಾಲಭೈರವನಿಗೆ ಕೈಮುಗಿದು, ದಾಸೋಹದಲ್ಲಿ ಉಂಡು, ಮಕ್ಕಳಿಗೆ ನವಿಲು ತೋರಿಸಿ, ಹೊತ್ತು ಮುಳುಗುವ ಮೊದಲೇ ಹೊರಟುಬಿಡುತ್ತಾರೆ. ನಾನೂ ಅವರಲ್ಲೊಬ್ಬ. ಹಾಗಾಗಿ ಈ ಮಾತು ಮೊದಲು ನನಗೆ, ಆಮೇಲೆ ನಿಮಗೆ.

ನಮ್ಮ ಕಡೆ ದಿಕ್ಕಿಲ್ಲದ ಮಗುವನ್ನು ಕಂಡರೆ 'ಹೇಳೋರಿಲ್ಲ, ಕೇಳೋರಿಲ್ಲ' ಅನ್ನುತ್ತೇವೆ. ಹೇಳೋರಿಗೆ ಈಗ ಬರವಿಲ್ಲ. ಪ್ರತಿಭಾ ಪುರಸ್ಕಾರದ ವೇದಿಕೆ ಹತ್ತಿದವರೆಲ್ಲ ಹೇಳುವವರೇ: ಕಷ್ಟಪಟ್ಟು ಓದಿ, ದೊಡ್ಡ ಕನಸು ಕಾಣಿ. ಶಾಲು ಹೊದಿಸಿಕೊಂಡು ಇಳಿದ ಮೇಲೆ ಅದೇ ಮಗುವಿಗೆ ಫೋನು ಮಾಡಿ, 'ಸರ್ಟಿಫಿಕೇಟ್ ಸಿಕ್ತಾ? ಫೀಸು ಕಟ್ಟಿದ್ಯಾ? ಹಾಸ್ಟೆಲ್ ಊಟ ಹೇಗಿದೆ?' ಎಂದು ಕೇಳೋರು ಎಷ್ಟು ಜನ?

ಕೆಲವು ವರ್ಷದ ಹಿಂದೆ ನಮ್ಮೂರಿನ ಕೇರಿಯ ಹುಡುಗನೊಬ್ಬ ನನಗೆ ಮೂರು ಸಲ ಫೋನು ಮಾಡಿದ್ದ. ಮೀಟಿಂಗಿನಲ್ಲಿದ್ದೆ, ಎತ್ತಲಿಲ್ಲ. ಆಮೇಲೆ ಮೆಸೇಜು ನೋಡಿದೆ: 'ಅಣ್ಣಾ, ಚಾಯ್ಸ್ ಎರಡು ಒತ್ಬೇಕಾ, ಮೂರು ಒತ್ಬೇಕಾ? ಇವತ್ತೇ ಕೊನೆ.' ಸಿಇಟಿ ಗೊತ್ತಿದ್ದವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಎರಡು ಒತ್ತಿದರೆ ಸಿಕ್ಕ ಸೀಟು ಕೈಯಲ್ಲಿರುತ್ತದೆ, ಇನ್ನೂ ಒಳ್ಳೆಯದಕ್ಕೆ ಮುಂದಿನ ಸುತ್ತಿನಲ್ಲಿ ಕಾಯಬಹುದು. ಮೂರು ಒತ್ತಿದರೆ ಸಿಕ್ಕಿದ್ದನ್ನು ಬಿಟ್ಟುಕೊಟ್ಟ ಹಾಗೆ. ಅವನು ಮೂರು ಒತ್ತಿದ. ಮುಂದಿನ ಸುತ್ತಿನಲ್ಲಿ ಏನೂ ಬರಲಿಲ್ಲ. ಎರಡು ನಿಮಿಷದ ಫೋನಿನಲ್ಲಿ ಮುಗಿಯುವ ಮಾತಾಗಿತ್ತು.

ಬಡವರ ಮಕ್ಕಳು ಬುದ್ಧಿ ಸಾಲದೆ ಸೋಲುತ್ತಾರೆ ಅಂದುಕೊಂಡವರು ಒಮ್ಮೆ ಈ ದಾರಿಯಲ್ಲಿ ನಡೆದು ನೋಡಬೇಕು. ಸಿಇಟಿ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲಾತಿ ಇದೆ. ಆದರೆ ಒಂದರಿಂದ ಹತ್ತರವರೆಗೆ ಎಲ್ಲಿ, ಯಾವ ಮಾಧ್ಯಮದಲ್ಲಿ ಓದಿದೆ ಎನ್ನುವ ಪತ್ರಕ್ಕೆ ಮುಖ್ಯೋಪಾಧ್ಯಾಯರ, ಬಿಇಒ ಅವರ ಸಹಿ ಬೇಕೆಂದು ಮೊದಲೇ ತಿಳಿದಿರಬೇಕಲ್ಲ! ವಿದ್ಯಾರ್ಥಿವೇತನ ಮಂಜೂರಾಗುತ್ತದೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲವೆಂದು ಹಣ ಬರುವುದಿಲ್ಲ. ಊರ ಮುಂದಿನ ಬೀದಿಯ ಹುಡುಗನಿಗೆ ಇದೆಲ್ಲ ಕಷ್ಟವಲ್ಲ. ತಾಲ್ಲೂಕು ಕಚೇರಿಯಲ್ಲೊಬ್ಬ ಮಾವ ಇರುತ್ತಾನೆ, ಬ್ಯಾಂಕಿನಲ್ಲಿ ಅಣ್ಣನ ಷಡ್ಡಕ, ಕಾಲೇಜಿನಲ್ಲಿ ಚಿಕ್ಕಪ್ಪನ ಸ್ನೇಹಿತ. ಅವನನ್ನು ದಾಟಿಸಿದ್ದು ಅವನ ಅಂಕಪಟ್ಟಿಯೊಂದೇ ಅಲ್ಲ, ಈ ನೆಂಟಸ್ತಿಕೆಯೂ ಹೌದು. ಕೇರಿಯವರಿಗೆ, ಕಾವೇರಿ ದಡದ ಬೆಸ್ತರಿಗೆ, ಮಡಿವಾಳರಿಗೆ, ಕುಂಬಾರರಿಗೆ, ಗಂಜಾಂ ಕಡೆಯ ಸಾಬರ ಮಕ್ಕಳಿಗೆ ಇಂಥ ಮಾವಂದಿರು ಎಲ್ಲಿಂದ ಬರಬೇಕು? ನನಗಿದ್ದರು. ಅದನ್ನು ಬಹುಕಾಲ ನನ್ನ ಸ್ವಂತ ಸಾಮರ್ಥ್ಯವೆಂದೇ ನಂಬಿಕೊಂಡಿದ್ದೆ.

ಚುಂಚನಗಿರಿ ಬೆಟ್ಟದ ಕಥೆಯನ್ನೇ ನೋಡಿ. 1974ರಲ್ಲಿ ಬಾಲಗಂಗಾಧರನಾಥ ಸ್ವಾಮೀಜಿ ಇಲ್ಲಿನ ಮಠದ ಪೀಠಕ್ಕೆ ಬಂದರು. 1986ರಲ್ಲಿ ನಾಗಮಂಗಲ ತಾಲ್ಲೂಕಿನ ಈ ಒಣನೆಲದಲ್ಲಿ ವೈದ್ಯಕೀಯ ಕಾಲೇಜೇ ಎದ್ದು ನಿಂತಿತು. 2013ರ ಜನವರಿಯಲ್ಲಿ ಅವರು ಕಣ್ಮರೆಯಾಗುವ ಹೊತ್ತಿಗೆ ಶಿಕ್ಷಣ ಟ್ರಸ್ಟಿನ ಸಂಸ್ಥೆಗಳು ನೂರಾರು. ಅನ್ನ, ಅಕ್ಷರ, ಆಸರೆ ಬಂದವು. ಆದರೆ ಅವರು 71ನೇ ಪೀಠಾಧಿಪತಿಗಳು ಎನ್ನುವಾಗ ನನಗೆ ಹೊಳೆಯುವುದು ಬೇರೆ. ನಾಥ ಪರಂಪರೆಯಲ್ಲಿ ಅಷ್ಟೂ ತಲೆಮಾರು ಒಬ್ಬ ಗುರು ಒಬ್ಬ ಶಿಷ್ಯನನ್ನು ಗುರುತಿಸಿ, ತಲೆಯ ಮೇಲೆ ಕೈಯಿಟ್ಟು, ಜೊತೆಗಿಟ್ಟುಕೊಂಡು ಬೆಳೆಸಿದ್ದಾರೆ. ಕಟ್ಟಡ ಕಟ್ಟುವುದನ್ನು ಮಠಕ್ಕೆ ಬಿಡಬಹುದು. ಒಬ್ಬೊಬ್ಬರನ್ನು ಗುರುತಿಸುವ ಕೆಲಸವನ್ನು ಯಾವ ಟ್ರಸ್ಟಿಗೂ ಬಿಟ್ಟು ನಾವು ಕೈತೊಳೆದುಕೊಳ್ಳಲಾಗದು.

ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರ 'ಪುಸ್ತಕ ಮನೆ' ಇದೆ. ರೈತನ ಮಗ, ಬಸ್ ಕಂಡಕ್ಟರ್ ಆಗಿದ್ದವರು, ಕನ್ನಡ ಎಂ.ಎ. ಮಾಡಿ ಸಕ್ಕರೆ ಕಾರ್ಖಾನೆಯಲ್ಲಿ ಮೂರು ದಶಕ ದುಡಿದವರು. ಸಂಬಳದ ಬಹುಪಾಲನ್ನು ಪುಸ್ತಕಕ್ಕೆ ಸುರಿದು, ಮೈಸೂರಿನ ಆಸ್ತಿಯನ್ನೂ ಮಾರಿ ಸುಮಾರು 20 ಲಕ್ಷ ಪುಸ್ತಕ ಕೂಡಿಹಾಕಿದ್ದಾರೆ. 2026ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈ ಹುಚ್ಚು ಹತ್ತಿಸಿದ್ದು ಯಾರು? ಕಾಲೇಜಿನ ಅನಂತರಾಮು ಮೇಷ್ಟ್ರು. ಹಳ್ಳಿ ಹುಡುಗನೊಬ್ಬನಿಗೆ ಓದು, ಪುಸ್ತಕ ಕೊಳ್ಳು ಎಂದು ಬೆನ್ನು ತಟ್ಟಿದವರು. ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರ ಕಥೆಯೂ ಹೀಗೇ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಡಹುಡುಗ ಬೆಂಗಳೂರಿಗೆ ಎರಡು ದಿನ ನಡೆದೇ ಬಂದನೆಂಬುದನ್ನು ಎಲ್ಲರೂ ಹೇಳುತ್ತಾರೆ. ಅವನ ಮೇಷ್ಟ್ರು ಎಂ.ಎಸ್. ನಾರಾಯಣರಾಯರು ನ್ಯಾಷನಲ್ ಹೈಸ್ಕೂಲಿಗೆ ಬಂದ ಮೇಲೂ ಹಳ್ಳಿಯ ಆ ಹುಡುಗನನ್ನು ಮರೆತಿರಲಿಲ್ಲ ಎಂಬುದನ್ನು ಹೇಳುವವರು ಕಡಿಮೆ.

ದುಡಿಮೆಗೂ ಇದೇ ಮಾತು. ಕೆ.ಆರ್.ಪೇಟೆಯ ಹಳ್ಳಿಗಳಿಂದ ಮುಂಬೈಗೆ ಜನ ಹೇಗೆ ಹೋದರು? ಮೊದಲು ಹೋದವನು ಪಕ್ಕದ ಮನೆಯವನನ್ನು ಕರೆಸಿಕೊಂಡ, ಖೋಲಿಯಲ್ಲಿ ಜಾಗ ಕೊಟ್ಟ, ಕೆಲಸ ಕಲಿಸಿದ. 2020ರ ಲಾಕ್‌ಡೌನಿನಲ್ಲಿ ಅವರೆಲ್ಲ ಊರಿಗೆ ಮರಳಿದಾಗಲೇ ನಮಗೆ ಆ ಸರಪಳಿ ಎಷ್ಟು ಉದ್ದವೆಂದು ಕಂಡಿದ್ದು. ಅಂಥದ್ದೊಂದು ಸರಪಳಿ ಇಲ್ಲಿ, ಊರಲ್ಲೇ ಯಾಕಿಲ್ಲ? ಆಲೆಮನೆಯಲ್ಲಿ ಕೂಲಿ ಮಾಡುವವನಿಗೆ ಬೆಲ್ಲದ ಪಾಕ ಕಣ್ಣಳತೆಯಲ್ಲೇ ಗೊತ್ತು. ಸ್ವಂತ ಬೆಲ್ಲವನ್ನು ಪೊಟ್ಟಣ ಕಟ್ಟಿ ಮಾರಲು ಆಹಾರ ಪರವಾನಗಿ ಬೇಕು, ಜಿಎಸ್‌ಟಿ ಏನೆಂದು ತಿಳಿಯಬೇಕು, ಬ್ಯಾಂಕಿಗೆ ಪ್ರಾಜೆಕ್ಟ್ ರಿಪೋರ್ಟ್ ಕೊಡಬೇಕು. 2016ರಲ್ಲಿ ಶುರುವಾದ ಸ್ಟ್ಯಾಂಡ್ ಅಪ್ ಇಂಡಿಯಾ ಯೋಜನೆ ಪರಿಶಿಷ್ಟರಿಗೂ ಮಹಿಳೆಯರಿಗೂ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ಸಾಲ ಎಂದಿತು. ಮ್ಯಾನೇಜರ ಮುಂದೆ ಕುರ್ಚಿಯಲ್ಲಿ ಕೂತು ಮಾತಾಡುವ ಧೈರ್ಯವನ್ನು ಯಾವ ಯೋಜನೆ ಕೊಡುತ್ತದೆ? ಮೊದಲ ಸಲ ಜೊತೆಗೊಬ್ಬರು ಹೋಗಿ ಪಕ್ಕದಲ್ಲಿ ಕೂರಬೇಕು, ಅಷ್ಟೆ.

ಉಜಿರೆಯಲ್ಲಿ 1982ರಲ್ಲಿ ಶುರುವಾದ, ಸ್ವಉದ್ಯೋಗ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆಗೆ ಇದು ಆಗಲೇ ಗೊತ್ತಿತ್ತು. ತರಬೇತಿ ಕೆಲವೇ ವಾರ. ತರಬೇತಿ ಮುಗಿದ ಮೇಲೆ ಎರಡು ವರ್ಷ ಬೆನ್ನ ಹಿಂದೆ ನಿಂತು ವಿಚಾರಿಸುತ್ತಾರೆ. ಅದೇ ಮಾದರಿ ಮುಂದೆ ದೇಶದ ಜಿಲ್ಲೆ ಜಿಲ್ಲೆಗೂ ಹೋಯಿತು. ನನ್ನನ್ನು ಕೇಳಿದರೆ ಅದರ ಜೀವ ಇರುವುದು ಆ ಎರಡು ವರ್ಷದಲ್ಲಿ.

ಎರಡು ವರ್ಷ. ನಾನು ನಿಮ್ಮನ್ನು ಕೇಳುತ್ತಿರುವುದೂ ಅಷ್ಟೇ. ದುಡ್ಡು ಬೇಡ, ಹಾಲ್ ಕಟ್ಟಿಸಿ ಹೆಸರು ಕೆತ್ತಿಸುವುದು ಬೇಡ. ಹರಕೆ ಹೊರುವುದು ನಮ್ಮ ಜನಕ್ಕೆ ಹೊಸದಲ್ಲವಲ್ಲ, ಇದನ್ನೊಂದು ಹರಕೆಯೆಂದೇ ಹೊತ್ತುಕೊಳ್ಳಿ: ಒಂದು ಮಗು, ಇಲ್ಲವೆ ಒಂದು ಸಣ್ಣ ಅಂಗಡಿ, ಎರಡು ವರ್ಷ. ನಿಮ್ಮ ನೆಂಟರ ಮಗುವಾಗಬಾರದು, ನಿಮ್ಮ ಜಾತಿಯದ್ದೂ ಆಗದಿದ್ದರೆ ಒಳ್ಳೆಯದು. ಮೆಡಿಕಲ್ ಓದಿದವರು ನೀಟ್ ಬರೆಯುವ ಹುಡುಗಿಯನ್ನು ಹಿಡಿಯಿರಿ. ಲೆಕ್ಕಪರಿಶೋಧಕರು ನಾಗಮಂಗಲದ ಹಿತ್ತಾಳೆ ಕೆಲಸದವರ ಮಗನಿಗೆ ಬಿಲ್ಲು ಬರೆಯುವುದನ್ನು ಕಲಿಸಿ. ಮೇಲುಕೋಟೆಗೆ ಪುಳಿಯೋಗರೆ ತಿನ್ನಲು ಹೋಗುವವರು ಅಲ್ಲಿ ಮಗ್ಗದ ಮುಂದೆ ಕೂತವರನ್ನೂ ಒಮ್ಮೆ ಮಾತಾಡಿಸಿ. ಮಗು ತಪ್ಪು ಮಾಡುತ್ತದೆ, ಸುಳ್ಳು ಹೇಳಬಹುದು, ನಡುವೆ ಫೋನ್ ಎತ್ತದೆಯೂ ಇರಬಹುದು. ಬೈಯಿರಿ, ಬಿಡಬೇಡಿ. ನಾವೂ ಹೇಳಿದ್ದನ್ನೆಲ್ಲ ಕೇಳಿಕೊಂಡು ಬೆಳೆದವರಲ್ಲ.

ನನ್ನ ಮೂರು ಮಿಸ್ಡ್ ಕಾಲಿನ ಹುಡುಗ ಮರುವರ್ಷ ಡಿಪ್ಲೊಮಾ ಸೇರಿದ. ಈಗ ಅವನ ತಂಗಿ ಪಿಯುಸಿಯಲ್ಲಿದ್ದಾಳೆ. ಗ್ರಾಮೀಣ ವ್ಯಾಸಂಗದ ಪತ್ರಕ್ಕೆ ಸಹಿ ಹಾಕಿಸಿದ್ದಾಳೆ, ಬ್ಯಾಂಕ್ ಖಾತೆ ನೋಡಿಸಿದ್ದೇವೆ. ಫಲಿತಾಂಶ ಬಂದು ಸೀಟು ಹಂಚಿಕೆ ಮುಗಿಯುವ ತನಕ ನನ್ನ ಫೋನು ಮೀಟಿಂಗಿನಲ್ಲೂ ಸೈಲೆಂಟ್ ಆಗುವುದಿಲ್ಲ. ನಿಮ್ಮದು?