ಶೈಲಾಕನಿಗೂ ನ್ಯಾಯ ಬೇಡವೇ?

ಇಂಗ್ಲಿಷ್ ಬೇಡವೆನ್ನುವ ಮುಸ್ಲಿಮ್ ಮನೆಗಳು ಇಂದು ವಿರಳ. ಒಂದು ಕಾಲದಲ್ಲಿ ಆ ಭಾಷೆಯನ್ನೇ ಶಂಕೆಯಿಂದ ನೋಡುತ್ತಿದ್ದ ಸಮುದಾಯವು ಈಗ ಎಲ್.ಕೆ.ಜಿ.ಯಿಂದಲೇ ಆಂಗ್ಲ ಮಾಧ್ಯಮವನ್ನು ಹುಡುಕಿಕೊಂಡು ಹೋಗುತ್ತಿದೆ. ಇದು ಸ್ವಾಗತಾರ್ಹವೇ. ಆದರೆ ನಮಗೆ ಬೇಕಾಗಿರುವುದು ಎಂತಹ ಇಂಗ್ಲಿಷ್? ಅಂಕಪಟ್ಟಿಗೆ, ಸಂದರ್ಶನಕ್ಕೆ, ಗಲ್ಫಿನ ಉದ್ಯೋಗಕ್ಕೆ ಸಾಲುವಷ್ಟು ಮಾತ್ರ. ಪಠ್ಯದಲ್ಲಿರುವ ಕತೆ, ಕವಿತೆ, ನಾಟಕಗಳು ಗೈಡಿನ ಪ್ರಶ್ನೋತ್ತರಗಳಾಗಿ ಕಂಠಪಾಠಗೊಂಡು ಪರೀಕ್ಷೆಯ ಮರುದಿನವೇ ಮರೆತುಹೋಗುತ್ತವೆ. ಬಿ.ಎಡ್. ತರಬೇತಿಯಲ್ಲಿದ್ದು, ನಾಳೆ ಹೈಸ್ಕೂಲಿನ ಇಂಗ್ಲಿಷ್ ತರಗತಿಯನ್ನು ಪ್ರವೇಶಿಸಲಿರುವ ನಮ್ಮನ್ನು ಇದು ಚಿಂತೆಗೀಡು ಮಾಡಿದೆ. ಸಾಹಿತ್ಯವನ್ನು ಹೀಗೆ ಕಳೆದುಕೊಂಡರೆ ನಷ್ಟವಾಗುವುದು ಅಂಕಗಳಲ್ಲ, ನ್ಯಾಯಪ್ರಜ್ಞೆ.

ಒಂದು ನಾಟಕವನ್ನೇ ತೆಗೆದುಕೊಳ್ಳೋಣ. ಷೇಕ್ಸ್‌ಪಿಯರನ 'ಮರ್ಚೆಂಟ್ ಆಫ್ ವೆನಿಸ್' ಐಸಿಎಸ್‌ಇ ಶಾಲೆಗಳಲ್ಲಿ ಹಲವು ವರ್ಷಗಳ ಕಾಲ ಪಠ್ಯವಾಗಿತ್ತು. ಅದರ ಕತೆಯನ್ನು ಸಂಕ್ಷಿಪ್ತ ರೂಪದಲ್ಲಾದರೂ ಕೇಳದ ವಿದ್ಯಾರ್ಥಿಗಳು ಕಡಿಮೆ. ಯಹೂದಿ ಬಡ್ಡಿ ವ್ಯಾಪಾರಿ ಶೈಲಾಕನು ಕ್ರೈಸ್ತ ವರ್ತಕ ಆಂಟೋನಿಯೊಗೆ 3000 ಡಕಾಟುಗಳ ಸಾಲ ಕೊಡುತ್ತಾನೆ. ಸಕಾಲಕ್ಕೆ ತೀರಿಸದಿದ್ದರೆ ಒಂದು ಪೌಂಡ್ ಮಾಂಸವನ್ನು ಮೈಯಿಂದ ಕೊಯ್ದುಕೊಡಬೇಕೆಂಬುದು ಕರಾರು. ಸಾಲ ತೀರುವುದಿಲ್ಲ. ನ್ಯಾಯಾಲಯದಲ್ಲಿ ಶೈಲಾಕನು ಚೂರಿ ಮಸೆಯುತ್ತಾನೆ. ಗಂಡುವೇಷದ ವಕೀಲೆ ಪೋರ್ಷಿಯಾ ಮಾಂಸ ತೆಗೆದುಕೊಳ್ಳಲು ಅನುಮತಿಯಿತ್ತು, ರಕ್ತ ಸುರಿಸಲು ಅನುಮತಿಯಿಲ್ಲವೆಂದು ಹೇಳಿ ಅವನನ್ನು ಕೆಡವುತ್ತಾಳೆ. ತರಗತಿಯು ಚಪ್ಪಾಳೆ ತಟ್ಟುತ್ತದೆ. ದುಷ್ಟನಿಗೆ ತಕ್ಕ ಶಾಸ್ತಿಯಾಯಿತೆಂದು ಗೈಡು ಹೇಳುತ್ತದೆ.

ಬಡ್ಡಿಯನ್ನು ನಿಷಿದ್ಧವೆಂದು ನಂಬುವ, ಫೆಲೆಸ್ತೀನಿನ ದುರಂತವನ್ನು ದಿನನಿತ್ಯ ಓದುವ ನಮ್ಮ ಮನೆಯ ಮಗುವಿಗಂತೂ ಈ ಚಪ್ಪಾಳೆ ಬಹಳ ಸಲೀಸು. ಸೋತವನು ಯಹೂದಿ, ಸಾಲದ್ದಕ್ಕೆ ಬಡ್ಡಿಕೋರ! ಆದರೆ ಶಿಕ್ಷಕನು ಎಚ್ಚರಗೊಳ್ಳಬೇಕಾದುದೂ ಇಲ್ಲಿಯೇ.

ನಾಟಕದ ಹಿಂದಿನ ಇತಿಹಾಸವನ್ನು ಮಕ್ಕಳಿಗೆ ಯಾರು ಹೇಳಬೇಕು? 1290ರಲ್ಲಿ ಒಂದನೆಯ ಎಡ್ವರ್ಡ್ ದೊರೆಯು ಯಹೂದಿಗಳನ್ನು ಇಂಗ್ಲೆಂಡಿನಿಂದ ಹೊರಹಾಕಿದ್ದನು. ನಾಟಕವು ರಚನೆಯಾದದ್ದು 1590ರ ದಶಕದಲ್ಲಿ. ಅಂದರೆ ಲಂಡನ್ನಿನ ರಂಗಮಂದಿರದಲ್ಲಿ ಶೈಲಾಕನನ್ನು ನೋಡಿ ನಕ್ಕವರಲ್ಲಿ ಹೆಚ್ಚಿನವರು ಒಬ್ಬನೇ ಒಬ್ಬ ಯಹೂದಿ ನೆರೆಯವನೊಂದಿಗೆ ಬಾಳಿದವರಲ್ಲ. ಕಾಣದವನನ್ನು ದ್ವೇಷಿಸುವುದು ಎಷ್ಟು ಸುಲಭವೆಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಯುರೋಪಿನ ಹಲವೆಡೆ ಯಹೂದಿಗಳಿಗೆ ಭೂಮಿ ಹೊಂದುವ ಹಕ್ಕಿರಲಿಲ್ಲ, ಕಸುಬುದಾರರ ಸಂಘಗಳಿಗೆ ಪ್ರವೇಶವಿರಲಿಲ್ಲ. ಬಡ್ಡಿ ವ್ಯವಹಾರಕ್ಕೆ ಅವರನ್ನು ತಳ್ಳಿದ ಸಮಾಜವೇ ಬಡ್ಡಿಕೋರರೆಂದು ಅವರನ್ನು ಹಳಿಯಿತು. ವೆನಿಸ್ ನಗರವು 1516ರಲ್ಲಿ ಅವರಿಗೆಂದು ಪ್ರತ್ಯೇಕ ಕೇರಿಯೊಂದನ್ನು ಗೊತ್ತುಪಡಿಸಿ, ರಾತ್ರಿ ಅದರ ಬಾಗಿಲುಗಳನ್ನು ಮುಚ್ಚಿಸುತ್ತಿತ್ತು. ಆ ಕೇರಿಯ ಹೆಸರು ಘೆಟ್ಟೊ. ಬಾಡಿಗೆ ಮನೆ ಕೇಳಿದಾಗ ಹೆಸರು ನೋಡಿಯೇ ಇಲ್ಲವೆನ್ನಿಸಿಕೊಂಡು, ಕೊನೆಗೆ ತಮ್ಮವರ ಮೊಹಲ್ಲಾಕ್ಕೇ ಮರಳುವ ನಮ್ಮ ಕುಟುಂಬಗಳ ಬಗ್ಗೆ ಬರೆಯುವವರು ಇಂದು ಬಳಸುವ ಪದವೂ ಅದೇ.

ಶೈಲಾಕನು ಸಜ್ಜನನೆಂದು ನಾವು ಹೇಳುತ್ತಿಲ್ಲ. ಸೇಡಿಗಾಗಿ ಮನುಷ್ಯನ ಮಾಂಸ ಕೇಳುವವನು ಅಪರಾಧಿಯೇ. ಆದರೆ ಆಂಟೋನಿಯೊ ಅವನನ್ನು ನಾಯಿಯೆಂದು ಕರೆದು ಮುಖಕ್ಕೆ ಉಗುಳಿದ್ದನೆಂಬುದೂ ಅದೇ ನಾಟಕದಲ್ಲಿದೆ. ತಾನೂ ಇತರರಂತೆ ನೋಯುವ ಮನುಷ್ಯನೆಂದು ಅವನು ವಾದಿಸುವ ಮಾತುಗಳನ್ನೂ ಷೇಕ್ಸ್‌ಪಿಯರನೇ ಬರೆದನು. ಕೊನೆಗೆ ನ್ಯಾಯಾಲಯದಲ್ಲಿ ನಡೆಯುವುದೇನು? ಪ್ರಾಣ ಮತ್ತು ಆಸ್ತಿ ಉಳಿಯಬೇಕಾದರೆ ಅವನು ಕ್ರೈಸ್ತನಾಗಬೇಕು. ಇದನ್ನು ಅಲ್ಲಿ ಕರುಣೆಯೆಂದು ಕರೆಯಲಾಗುತ್ತದೆ! ಧರ್ಮದಲ್ಲಿ ಬಲಾತ್ಕಾರ ಸಲ್ಲದೆಂದು ನಂಬುವ ನಾವು ಆ ಸಾಲನ್ನು ದಾಟಿಹೋಗುವುದಾದರೂ ಹೇಗೆ?

ಸಿನೆಮಾ, ಸೀರಿಯಲ್‌ಗಳಲ್ಲಿ ಗಡ್ಡ-ಟೊಪ್ಪಿಯ ಖಳನಾಯಕನನ್ನು ತೋರಿಸಿದಾಗ ನಾವು ಆಕ್ಷೇಪಿಸುತ್ತೇವೆ, ಆ ಆಕ್ಷೇಪವು ನ್ಯಾಯೋಚಿತವೂ ಆಗಿದೆ. ಒಬ್ಬನ ಅಪರಾಧಕ್ಕೆ ಇಡೀ ಸಮುದಾಯವನ್ನು ಹೊಣೆಯಾಗಿಸಬಾರದೆಂದು ವಾದಿಸುತ್ತೇವೆ. ಆದರೆ ಶೈಲಾಕನ ಸೋಲಿಗೆ ಅವನು ಯಹೂದಿಯೆಂಬ ಕಾರಣಕ್ಕೇ ಹಿಗ್ಗಿದರೆ ಆ ವಾದಕ್ಕೆ ಬೆಲೆಯೇನು? ಇಸ್ರೇಲಿನ ದೌರ್ಜನ್ಯವನ್ನು ಖಂಡಿಸುವುದು ಬೇರೆ, ಯಹೂದಿಯಾಗಿ ಹುಟ್ಟಿದವನನ್ನು ದ್ವೇಷಿಸುವುದು ಬೇರೆ. ಯಹೂದಿಯೊಬ್ಬನ ಶವಯಾತ್ರೆಯು ಹಾದುಹೋಗುವಾಗ ಪ್ರವಾದಿ(ಸ)ರು ಎದ್ದು ನಿಂತರೆಂದೂ, ಸತ್ತವನು ಯಾರೆಂದು ಸಂಗಡಿಗರು ನೆನಪಿಸಿದಾಗ ಅವನೂ ಒಂದು ಜೀವವೇ ಎಂಬರ್ಥದ ಉತ್ತರ ಕೊಟ್ಟರೆಂದೂ ಬುಖಾರಿಯಲ್ಲಿ ವರದಿಯಾಗಿದೆ. ಮದ್ರಸದಲ್ಲಿ ಈ ಹದೀಸನ್ನು ಕಲಿತ ಮಗು ಶಾಲೆಯಲ್ಲಿ ಶೈಲಾಕನ ಪಾಠ ಓದುವಾಗ ಇವೆರಡನ್ನೂ ಜೋಡಿಸಿ ನೋಡುವಂತಾದರೆ ಇಂಗ್ಲಿಷ್ ಪೀರಿಯಡ್ ಸಾರ್ಥಕವಾದಂತೆ.

ಇದಕ್ಕೆ ಪ್ರತಿಯಾಗಿ, ನಮ್ಮ ಮನೆಯೊಳಗೆ ಬಂದು ನಮ್ಮನ್ನು ಕಂಡ ಲೇಖಕರೂ ಇದ್ದಾರೆ. ಪ್ರೇಮಚಂದರು 1933ರಲ್ಲಿ ಪ್ರಕಟಿಸಿದ 'ಈದ್‌ಗಾಹ್' ಕತೆಯ ಹಾಮಿದ್ ತಂದೆ-ತಾಯಿಗಳಿಲ್ಲದ ಬಾಲಕ. ಹಬ್ಬದ ಸಂತೆಯಲ್ಲಿ ಜೊತೆಗಾರರೆಲ್ಲ ಆಟಿಕೆ, ಮಿಠಾಯಿ ಕೊಳ್ಳುವಾಗ ಅವನು ತನ್ನಲ್ಲಿದ್ದ 3 ಪೈಸೆಗೆ ಕಬ್ಬಿಣದ ಇಕ್ಕಳ ಕೊಳ್ಳುತ್ತಾನೆ. ರೊಟ್ಟಿ ಬೇಯಿಸುವಾಗ ಅಜ್ಜಿ ಅಮೀನಾಳ ಬೆರಳು ಸುಡುತ್ತದಲ್ಲ, ಅದಕ್ಕಾಗಿ. ಇದರ ಇಂಗ್ಲಿಷ್ ಅನುವಾದಗಳು ಲಭ್ಯವಿವೆ. ಟಿ.ವಿ. ಚರ್ಚೆಗಳಲ್ಲಿ ಮಾತ್ರ ಮುಸ್ಲಿಮರನ್ನು ಕಂಡಿರುವ ಸಹಪಾಠಿಗೆ ಅಮೀನಾಳ ಸುಟ್ಟ ಬೆರಳು ಹೇಳುವುದನ್ನು ನಮ್ಮ ಯಾವ ಹೇಳಿಕೆಯೂ ಹೇಳಲಾರದು.

ಕತೆಗಳೆಲ್ಲ ಸುಳ್ಳು, ಸಮಯ ವ್ಯರ್ಥ ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಕಾಳಜಿಯನ್ನು ನಾವು ಗೌರವಿಸುತ್ತೇವೆ. ಅಶ್ಲೀಲವಾದುದನ್ನು ಮಕ್ಕಳ ಕೈಗೆ ಕೊಡಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಪವಿತ್ರ ಕುರ್‌ಆನ್ ಯೂಸುಫ್(ಅ)ರ ವೃತ್ತಾಂತವನ್ನು ಅತ್ಯುತ್ತಮ ವೃತ್ತಾಂತವೆಂದು ಬಣ್ಣಿಸಿದೆ. ಅದು ಸತ್ಯ ಘಟನೆ, ಕಲ್ಪನೆಯಲ್ಲ, ನಿಜ. ಕಲ್ಪನೆಯ ವಿಷಯಕ್ಕೆ ಬಂದರೆ, ದೃಷ್ಟಾಂತ ಕತೆಗಳಿಂದ ತುಂಬಿದ ಸಾದಿಯ 'ಗುಲಿಸ್ತಾನ್' ಇದೇ ದೇಶದ ಮದ್ರಸಗಳಲ್ಲಿ ಶತಮಾನಗಳ ಕಾಲ ಪಠ್ಯವಾಗಿತ್ತು. ಅದನ್ನು ಓದಿ ಬೆಳೆದ ಉಲೆಮಾಗಳು ಕತೆಗೆ ಹೆದರಿದವರಲ್ಲ.

ತರಗತಿಯಲ್ಲಿ ನಾಟಕವನ್ನು ಪಾತ್ರ ಹಂಚಿ ಓದಿಸುವ ಪದ್ಧತಿಯಿದೆ. ಪೋರ್ಷಿಯಾಳ ಪಾತ್ರಕ್ಕೆ ಹತ್ತು ಕೈಗಳು ಮೇಲೇಳುತ್ತವೆ, ಶೈಲಾಕನಿಗೆ ಒಂದೂ ಇಲ್ಲ. ನ್ಯಾಯಾಲಯದ ದೃಶ್ಯವನ್ನು ಎರಡು ಬಾರಿ ಓದಿಸಿ, ಎರಡನೆಯ ಬಾರಿ ಚಪ್ಪಾಳೆ ತಟ್ಟಿದವರ ಕೈಗೇ ಶೈಲಾಕನ ಮಾತುಗಳನ್ನು ಕೊಡಬೇಕೆಂದು ನಾವು ಪಾಠಯೋಜನೆಯಲ್ಲಿ ಬರೆದುಕೊಂಡಿದ್ದೇವೆ. ಬಳಿಕ, ತೀರ್ಪಿನ ರಾತ್ರಿ ಶೈಲಾಕನು ಖಾಲಿ ಮನೆಗೆ ಮರಳಿದಾಗ ಏನು ಯೋಚಿಸಿರಬಹುದೆಂದು ಅರ್ಧ ಪುಟ ಬರೆಯಬೇಕು. ಗೈಡಿನಲ್ಲಿ ಇದಕ್ಕೆ ಉತ್ತರವಿಲ್ಲ, ಅಂಕಗಳೂ ಇಲ್ಲ. ಪೋಷಕರ ಸಭೆಯಲ್ಲಿ ಈ ಬಗ್ಗೆ ದೂರು ಬಂದರೆ ಆ ಅರ್ಧ ಪುಟಗಳನ್ನೇ ಅವರ ಮುಂದಿಡುವೆವು.