ಕೂರಲು ಒಂದು ಬೆಂಚು

ಜಯನಗರದ ದರ್ಶಿನಿಯಲ್ಲಿ ನಾವು ನಿಂತೇ ಕಾಫಿ ಕುಡಿಯುತ್ತೇವೆ. 1983ರಲ್ಲಿ ಇದೇ ಬಡಾವಣೆಯಲ್ಲಿ ಹುಟ್ಟಿದ ಈ ಪದ್ಧತಿ ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬಿಸಿತು. ಅದು ಉಪಕಾರವೇ ಸರಿ. ಆದರೆ ದುಡಿದು ಬಂದವನು ಗಳಿಗೆ ಹೊತ್ತು ಕುಳಿತು ನಾಲ್ಕು ಮಾತಾಡುವುದೆಲ್ಲಿ? ಜೆ.ಪಿ. ನಗರದ ಪಬ್ಬಿನಲ್ಲಿ ಕುರ್ಚಿಯುಂಟು. ಅಲ್ಲಿನ ಒಂದು ಸಂಜೆಗೆ ನಮ್ಮ ದಿನಗೂಲಿ ಸಾಲದು.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಪಬ್ಬು ಹುಟ್ಟಿದ್ದು ಹೀಗಲ್ಲ. 'ಪಬ್ಲಿಕ್ ಹೌಸ್', ಅಂದರೆ ಸಾರ್ವಜನಿಕರ ಮನೆ, ಎಂಬುದೇ ಅದರ ಪೂರ್ಣ ಹೆಸರು. ರೈತ, ಕಮ್ಮಾರ, ಅಂಗಡಿಯವ ಒಂದೇ ಒಲೆಯ ಮುಂದೆ ಕೂರುವ ಜಾಗವದು. ಕಂಬ್ರಿಯಾ ಪ್ರಾಂತದ ಹೆಸ್ಕೆಟ್ ನ್ಯೂಮಾರ್ಕೆಟ್ ಹಳ್ಳಿಯ 'ಓಲ್ಡ್ ಕ್ರೌನ್' ಪಬ್ಬನ್ನು 2003ರಲ್ಲಿ ನೂರಕ್ಕೂ ಹೆಚ್ಚು ಜನ ಪಾಲು ಹಣ ಹಾಕಿ, ಸಹಕಾರ ತತ್ತ್ವದ ಮೇಲೆ ಕೊಂಡು ಉಳಿಸಿಕೊಂಡರು.

ಮದ್ಯವನ್ನು ನಾವು ಹೊಗಳುತ್ತಿಲ್ಲ; ಆ ಒಗ್ಗಟ್ಟನ್ನು ಹೊಗಳುತ್ತಿದ್ದೇವೆ. ಇದು ನಮಗೆ ಹೊಸದೂ ಅಲ್ಲ. ಕಾಫಿ ಮಂಡಳಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ, 1957ರಲ್ಲಿ, ನೌಕರರು ಬೆಂಗಳೂರಿನಲ್ಲೇ ಸಹಕಾರ ಸಂಘ ಕಟ್ಟಿ ಆ ಕೆಲಸವನ್ನು ತಾವೇ ಕೈಗೆತ್ತಿಕೊಂಡರು. ಇಂದು ಜಯನಗರ, ಬನಶಂಕರಿಗಳ ಸರ್ಕಾರಿ ಕಟ್ಟಡಗಳಲ್ಲಿ ಅಂಥ ಸಂಘಗಳಿಗೆ ಅಲ್ಪ ಬಾಡಿಗೆಗೆ ಜಾಗ ಸಿಗಬೇಕು. ಪಾಲು ಹಣವನ್ನು ನಾವು ಕೂಡಿಸೋಣ. ನಿಂತು ಕುಡಿದವನು ಮನೆಗೆ ಹೋಗುತ್ತಾನೆ. ಕೂತು ಮಾತಾಡಿದವರು ಸಂಘ ಕಟ್ಟುತ್ತಾರೆ.